ಬಸ್ ಇಳಿಯೋದರೊಳಗೆ ಒಂದು ಬರಹ: ಹೊತ್ತಿಲ್ಲದವರಿಗೆ ಕಿರುಬರಹದ ಸಮಗ್ರ ಮಾರ್ಗದರ್ಶಿ

ಬೆಳಗ್ಗೆ ಎಂಟೂಕಾಲಿಗೆ ಗಂಗಾವತಿ ಸ್ಟ್ಯಾಂಡಿನಲ್ಲಿ ಕೊಪ್ಪಳದ ಬಸ್ ಹತ್ತುತ್ತೇನೆ. ಸೀಟು ಸಿಕ್ಕರೆ ಒಂದು ತಾಸು ನನ್ನದು. ಸಿಗದಿದ್ದರೆ ಅದೂ ಇಲ್ಲ. ಕೊಪ್ಪಳದಲ್ಲಿ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಸಂಜೆ ಮನೆ ಮುಟ್ಟುವಾಗ ಏಳಾಗಿರುತ್ತದೆ. ಆಮೇಲೆ ಮಗಳ ಹೋಂವರ್ಕು, ನಲ್ಲಿ ಬಂದರೆ ನೀರು ತುಂಬೋದು, ಊಟ, ನಿದ್ದೆ. ಇದರ ನಡುವೆ ವಾರಕ್ಕೆ ಮೂರು ಸಣ್ಣ ಬರಹ ಬರೆಯುತ್ತೇನೆ. ನಾಲ್ಕು ವರ್ಷದಿಂದ ನಡೆದಿದೆ.

ಮೊದಲ ವರ್ಷ ಹೀಗಿರಲಿಲ್ಲ. ಭಾನುವಾರ ಊಟ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದೆ. ಏನು ಬರೆಯೋದು ಅಂತ ಯೋಚನೆ ಶುರುವಾಗುತ್ತಿದ್ದದ್ದೇ ಆಗ. ಒಂದು ಸಾಲು ಹೊಡೆಯೋದು, ಅಳಿಸೋದು, ಯಾವುದೋ ಇಸವಿ ಹುಡುಕೋಕೆ ಗೂಗಲ್ಲಿಗೆ ಹೋಗೋದು, ಅಲ್ಲಿಂದ ಯೂಟ್ಯೂಬಿಗೆ ಜಾರೋದು. ಐದು ಗಂಟೆಗೆ ಚಹಾ ಬರುವಾಗ ಎರಡು ಪ್ಯಾರಾ ಆಗಿರುತ್ತಿತ್ತು. ಅವೂ ಸಪ್ಪೆ. ಮೂರು ತಾಸಿನಲ್ಲಿ ಆಗದಿದ್ದ ಬರಹ ಈಗ ಅರ್ಧ ತಾಸಿನಲ್ಲಿ ಮುಗಿಯುತ್ತದೆ. ಹಾಗಂತ ನನ್ನ ಬೆರಳೇನು ಚುರುಕಾಗಿಲ್ಲ. ಜೋಳ ಹಸನು ಮಾಡದೆ ಗಿರಣಿಗೆ ಹೊತ್ತುಕೊಂಡು ಹೋಗಿ, ಅಲ್ಲಿ ಪಾಳಿಯಲ್ಲಿ ನಿಂತು ಹರಳು ಆರಿಸುತ್ತಿದ್ದೆ, ಅಷ್ಟೇ. ಈಗ ಹಸನು ಮಾಡೋದು ಬೇರೆ ಹೊತ್ತಿನಲ್ಲಿ, ಬೀಸೋದು ಬೇರೆ ಹೊತ್ತಿನಲ್ಲಿ. ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಆ ಹಸನು ಮಾಡೋದರ ಬಗ್ಗೆಯೇ ಇದೆ.

ಉದ್ದದ ಮಾತು ಮೊದಲೇ ಮುಗಿಸಿಬಿಡೋಣ. ಕಿರುಬರಹ ಅಂದರೆ ನನ್ನ ಲೆಕ್ಕದಲ್ಲಿ 100ರಿಂದ 200 ಪದ. ಐನೂರು ಪದ ಇರಲೇಬೇಕು, ಸಾವಿರ ಇದ್ದರೆ ಒಳ್ಳೆಯದು ಅಂತ ಸಲಹೆ ಕೊಡುವವರು ಇಂಗ್ಲಿಷಿನ ಲೆಕ್ಕ ಹೇಳುತ್ತಿರುತ್ತಾರೆ. ಕನ್ನಡದಲ್ಲಿ ‘ಬರಬೇಕಾಗಿತ್ತಂತೆ’ ಅಂದರೆ ಒಂದೇ ಪದ. ಅದರೊಳಗೆ ಏನೆಲ್ಲ ತುಂಬಿದೆ ನೋಡಿ. ಬರಬೇಕಿತ್ತು, ಬಂದಿಲ್ಲ, ಅದನ್ನೂ ಯಾರೋ ಹೇಳಿದ್ದು. ಇಂಥ ಭಾಷೆಯಲ್ಲಿ 150 ಪದಕ್ಕೆ ಬೇಕಾದಷ್ಟು ಹಿಡಿಯುತ್ತದೆ.

ದಿನವಿಡೀ ಕಾಳು ಕೂಡಿಸೋದು

ಬರೆಯೋಕೆ ಕೂತಾಗ ವಿಷಯ ಹುಡುಕಬಾರದು. ಅದು ಆಗಲೇ ಜೇಬಿನಲ್ಲಿ ಇರಬೇಕು. ನಾನು ವಾಟ್ಸಾಪಿನಲ್ಲಿ ನನಗೇ ಮೆಸೇಜ್ ಹಾಕಿಕೊಳ್ಳುತ್ತೇನೆ. ಗೂಗಲ್ ಕೀಪ್ ಆದರೂ ನಡೆಯುತ್ತದೆ. ಅಂಗಡಿ ಇಟ್ಟವರು ಬಿಲ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೀಚಬಹುದು. ಎಲ್ಲಿ ಬರೆದಿಟ್ಟರೂ ಅಡ್ಡಿಯಿಲ್ಲ, ಜಾಗ ಮಾತ್ರ ಒಂದೇ ಇರಲಿ. ಮೂರು ಕಡೆ ಬರೆದಿಟ್ಟರೆ ಬೇಕಾದಾಗ ಒಂದೂ ಸಿಗೋದಿಲ್ಲ.

ಏನು ಬರೆದಿಡಬೇಕು ಅನ್ನೋದರಲ್ಲೇ ಹೆಚ್ಚಿನವರು ಎಡವುತ್ತಾರೆ. ನಾನೂ ಎಡವಿದ್ದೆ. ನನ್ನ ಹಳೆಯ ಪಟ್ಟಿಯಲ್ಲಿ ‘ಗವಿಮಠದ ಜಾತ್ರೆ’, ‘ಭತ್ತದ ರೇಟು’, ‘ಬಿಸಿಲು’ ಅಂತೆಲ್ಲ ಇದ್ದವು. ವಾರ ಬಿಟ್ಟು ನೋಡಿದರೆ ಅವು ಸತ್ತು ಬಿದ್ದಿರುತ್ತಿದ್ದವು. ಜಾತ್ರೆಯ ಬಗ್ಗೆ ಏನು? ಯಾಕೆ ಬರೆದಿಟ್ಟೆ? ಒಂದೂ ನೆನಪಿಗೆ ಬರುತ್ತಿರಲಿಲ್ಲ. ಈಗ ಕಂಡದ್ದನ್ನು ಕಂಡ ಹಾಗೆ ಬರೆದಿಡುತ್ತೇನೆ: ‘ಜಾತ್ರೆ ದಾಸೋಹಕ್ಕೆ ರೊಟ್ಟಿ ಹೊತ್ತ ಟ್ರ್ಯಾಕ್ಟರ್ – ಮೇಲೆ ಬಿಳಿ ಪಂಚೆ ಹೊದಿಸಿದ್ದರು – ಹಿಂದೆ ಕೂತ ಹುಡುಗ ಪಂಚೆ ಹಾರದ ಹಾಗೆ ಕಾಲಿನಿಂದ ಒತ್ತಿ ಹಿಡಿದಿದ್ದ.’ ಇದನ್ನು ಆರು ತಿಂಗಳು ಬಿಟ್ಟು ಓದಿದರೂ ಆ ಟ್ರ್ಯಾಕ್ಟರ್ ಕಣ್ಣ ಮುಂದೆ ಹೋಗುತ್ತದೆ.

ಹಾಗಾಗಿ ಒಂದು ನಿಯಮ ಇಟ್ಟುಕೊಳ್ಳಿ. ಬರೆದಿಟ್ಟ ಟಿಪ್ಪಣಿಯಲ್ಲಿ ಒಂದು ಕ್ರಿಯಾಪದ ಇರಬೇಕು. ಯಾರೋ ಏನೋ ಮಾಡಿದರು, ಏನೋ ಅಂದರು, ಏನೋ ಆಯಿತು. ಬರೀ ಹೆಸರು ಬರೆದಿಟ್ಟರೆ ಅದು ಶೀರ್ಷಿಕೆ ಆಯಿತೇ ಹೊರತು ಕಾಳಲ್ಲ. ಜನ ಅಂದ ಮಾತಿದ್ದರೆ ಅವರ ಬಾಯಲ್ಲಿ ಬಂದ ಹಾಗೇ ಬರೆದುಕೊಳ್ಳಿ. ಸಂಜೆಗೆ ನೆನಪು ಅದನ್ನು ಪುಸ್ತಕದ ಕನ್ನಡ ಮಾಡಿಬಿಟ್ಟಿರುತ್ತದೆ.

ದಿನಕ್ಕೆ ಎರಡು ಮೂರು ಇಂಥವು ಸಿಕ್ಕರೆ ಸಾಕು. ಹತ್ತರಲ್ಲಿ ಏಳು ಜೊಳ್ಳು. ಇರಲಿ ಬಿಡಿ.

ಹಸನು ಮಾಡೋದು: ಒಂದೇ ಕಾಳು

ಹೊತ್ತು ತಿನ್ನೋದು ಬರೆಯೋ ಕೆಲಸ ಅಂತ ಎಲ್ಲರೂ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಹೊತ್ತು ತಿನ್ನೋದು ಎರಡು ವಿಷಯವನ್ನು ಒಂದೇ ಬರಹದಲ್ಲಿ ತುರುಕೋದು. ಎರಡನ್ನೂ ಜೋಡಿಸೋಕೆ ಒಂದು ಪ್ಯಾರಾ ಬೇಕು. ಆ ಪ್ಯಾರಾ ಬರೆಯೋಕೆ ಬರೋದಿಲ್ಲ, ಯಾಕೆಂದರೆ ಅಲ್ಲಿ ಹೇಳೋಕೆ ಏನೂ ಇರೋದಿಲ್ಲ. ನೀವು ಫೋನ್ ಹಿಡಿದು ಕಿಟಕಿ ಹೊರಗೆ ನೋಡುತ್ತಾ ಕೂರೋದು ಅಂಥ ಪ್ಯಾರಾದಲ್ಲೇ.

ಒಂದು ಉದಾಹರಣೆ. ಕುಕನೂರು ತಾಲ್ಲೂಕಿನ ಇಟಗಿಯ ಮಹಾದೇವ ಗುಡಿಗೆ ಹೋಗಿ ಬಂದಿರಿ ಅಂತಿಟ್ಟುಕೊಳ್ಳಿ. ಬರೆಯೋಕೆ ಕೂತರೆ ಕೈ ತಾನಾಗಿ ಏನು ಬರೆಯುತ್ತದೆ? 1112ರಲ್ಲಿ ಕಟ್ಟಿದ್ದು, ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನದಲ್ಲೇ ಇದನ್ನು ದೇವಾಲಯ ಚಕ್ರವರ್ತಿ ಅಂದಿದ್ದಾರೆ, ಬಳಪದ ಕಲ್ಲಿನ ಕೆತ್ತನೆ, ಮುಂದೆ ಪುಷ್ಕರಣಿ. ಎಲ್ಲವೂ ನಿಜ. ಆದರೆ ಇದೆಲ್ಲ ಓದುಗರಿಗೆ ಎಲ್ಲಿಯಾದರೂ ಸಿಗುತ್ತದೆ. ಇದರಲ್ಲಿ ಒಂದನ್ನು ಹಿಡಿದು ನೋಡಿ. ಹೋಗೋ ಬರೋ ಗುಡಿಗೆಲ್ಲ ಚಕ್ರವರ್ತಿ ಅನ್ನೋರಿಲ್ಲ. ಕಟ್ಟಿಸಿದವನೇ ತನ್ನ ಗುಡಿಗೆ ಇಂಥ ಬಿರುದು ಕೊಟ್ಟುಕೊಂಡನಲ್ಲ, ಆ ಧೈರ್ಯ ಅವನಿಗೆ ಕಂಬದಿಂದ ಬಂತೋ ಶಿಖರದಿಂದ ಬಂತೋ? ಈ ಒಂದು ಪ್ರಶ್ನೆ ಇಟ್ಟುಕೊಂಡು ಗುಡಿ ಸುತ್ತಿ. ನೀವು ಕಂಡ ಒಂದು ಕಂಬದ ಬಗ್ಗೆ ನಾಲ್ಕು ಸಾಲು ಬರೆಯಿರಿ. ಇಸವಿ ಒಂದು ಕಡೆ ಬಂದರೆ ಸಾಕು. ಪುಷ್ಕರಣಿ ಇನ್ನೊಂದು ದಿನಕ್ಕೆ ಇರಲಿ.

ಸಣ್ಣದು ಮಾಡೋದು ಅಂದರೆ ಇಷ್ಟೇ. ‘ಕಿನ್ನಾಳದ ಗೊಂಬೆ’ ಅಂದರೆ ಪುಸ್ತಕಕ್ಕಾಗುವಷ್ಟು ದೊಡ್ಡದು. ಗೊಂಬೆಯ ಕೈಕಾಲು ಬೇರೆ ಬೇರೆ ಕೆತ್ತಿ ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ ಅನ್ನೋದು ಕಿರುಬರಹಕ್ಕೆ ಸರಿಯಾದ ಅಳತೆ. ‘ಬಳ್ಳಾರಿ ಜೀನ್ಸ್’ ದೊಡ್ಡದು. ದಿನವೆಲ್ಲ ಡೆನಿಮ್ ಹೊಲಿದವರ ಬೆರಳಿಗೆ ಹತ್ತುವ ನೀಲಿ ಸರಿಯಾದದ್ದು. ‘ರಾಯಚೂರಿನ ಬಿಸಿಲು’ ಅಂತೂ ಬೇಡವೇ ಬೇಡ, ಅದನ್ನು ಎಲ್ಲರೂ ಬರೆದಿದ್ದಾರೆ. ಮಧ್ಯಾಹ್ನ ಎರಡಕ್ಕೆ ಬೈಕಿನ ಸೀಟಿಗೆ ಒದ್ದೆ ಟವೆಲ್ ಹಾಕಿಟ್ಟು ಊಟಕ್ಕೆ ಹೋಗುವವರ ಬಗ್ಗೆ ಬರೆಯಿರಿ.

ವಿಷಯ ಸಣ್ಣದಾಯಿತೋ ಇಲ್ಲವೋ ನೋಡೋಕೆ ನನ್ನದೊಂದು ಪರೀಕ್ಷೆ ಇದೆ. ಪಕ್ಕದ ಸೀಟಿನವರು ‘ಏನ್ರೀ ಬರಿಯಾಕತ್ತೀರಿ?’ ಅಂತ ಕೇಳಿದರೆ ಒಂದು ಉಸಿರಿನಲ್ಲಿ ಹೇಳೋಕೆ ಬರಬೇಕು. ‘ಅಂದರೆ, ಅದು ಏನಂದರೆ’ ಅಂತ ಶುರುವಾಯಿತೋ, ಇನ್ನೂ ಹಸನಾಗಿಲ್ಲ ಅಂತ ಅರ್ಥ. ಇದು ಬರೀ ಕಲ್ಪನೆಯ ಪರೀಕ್ಷೆ ಅಲ್ಲ. ನಮ್ಮ ಕಡೆ ಬಸ್ಸಿನಲ್ಲಿ ನಿಜವಾಗಿಯೂ ಕೇಳುತ್ತಾರೆ.

ಕಿರುಬರಹ ನಮ್ಮ ಭಾಗಕ್ಕೆ ಹೊಸದೇನಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಸಣ್ಣ ಬಂಡೆಶಾಸನಗಳಿವೆ. ಮಸ್ಕಿಯದು 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಅನ್ನೋ ಎಂಜಿನಿಯರಿಗೆ ಸಿಕ್ಕಿತು. ಅದರಲ್ಲಿ ಅಶೋಕ ಅನ್ನೋ ಹೆಸರೇ ಇದ್ದದ್ದರಿಂದ, ಬೇರೆ ಕಡೆ ಬರೀ ‘ದೇವಾನಂಪ್ರಿಯ’ ಅಂತ ಕರೆದುಕೊಂಡವನು ಯಾರು ಅನ್ನೋದು ಖಚಿತವಾಯಿತು. ನನಗೆ ಇಷ್ಟವಾಗೋದು ಅದರ ಅಳತೆ. ಅಷ್ಟು ದೊಡ್ಡ ರಾಜ್ಯ ಆಳಿದವನು ಒಂದು ಬಂಡೆಗೆ ಒಂದೇ ಮಾತು ಇಟ್ಟುಕೊಂಡ. ಎರಡೂವರೆ ವರ್ಷದಿಂದ ಬುದ್ಧನ ಉಪಾಸಕನಾಗಿದ್ದೇನೆ, ಮೊದಲು ಅಷ್ಟು ಶ್ರಮಪಡಲಿಲ್ಲ, ಈಗ ಪಡುತ್ತಿದ್ದೇನೆ, ಶ್ರಮಪಟ್ಟರೆ ಸಣ್ಣವರಿಗೂ ಸ್ವರ್ಗ ಸಿಗುತ್ತದೆ. ತಾನು ಮೊದಲು ಸೋಮಾರಿಯಾಗಿದ್ದೆ ಅನ್ನೋದನ್ನೂ ಬಿಟ್ಟಿಲ್ಲ ನೋಡಿ. ಉಳಿ ಹಿಡಿದು ಕಲ್ಲಿನಲ್ಲಿ ಕೆತ್ತಬೇಕು ಅಂದರೆ ಯಾರಾದರೂ ಹಸನು ಮಾಡಿಯೇ ಮಾಡುತ್ತಾರೆ. ನಮಗೆ ಫೋನಿನಲ್ಲಿ ಜಾಗ ಜಾಸ್ತಿ ಆಗಿದೆ.

ಅಚ್ಚು ಇಟ್ಟುಕೊಳ್ಳಿ

ಪ್ರತಿ ಸಲ ಹೊಸ ಆಕಾರ ಹುಡುಕೋದು ಬೇಡ. ನನ್ನ ಹತ್ತಿರ ನಾಲ್ಕು ಅಚ್ಚು ಇವೆ. ಒಂದು, ಪ್ರಶ್ನೆ ಕೇಳಿ ಉತ್ತರ ಕೊಡೋದು. ಎರಡು, ಮೊದಲು ಹೀಗಿತ್ತು ಈಗ ಹೀಗಿದೆ. ಮೂರು, ಒಬ್ಬರು ಅಂದ ಮಾತು ಮತ್ತು ಅದರ ಹಿಂದಿನ ಕಾರಣ. ನಾಲ್ಕು, ಒಂದು ಕೆಲಸ ಮಾಡೋ ರೀತಿ. ಕಾಳು ಆರಿಸಿದ ಕೂಡಲೇ ಇದು ಯಾವ ಅಚ್ಚಿಗೆ ಕೂರುತ್ತದೆ ಅಂತ ನೋಡುತ್ತೇನೆ. ಯಾವುದಕ್ಕೂ ಕೂರದಿದ್ದರೆ ಅವತ್ತು ಅದನ್ನು ಬಿಟ್ಟು ಬೇರೆ ತೆಗೆದುಕೊಳ್ಳುತ್ತೇನೆ. ಹೊತ್ತಿದ್ದ ದಿನ ಹೊಸ ಆಕಾರ ಹುಡುಕಬಹುದು.

ಬರೆಯುವ ಹದಿನೈದು ನಿಮಿಷ

ಅರ್ಧ ತಾಸನ್ನು ನಾನು ಹೀಗೆ ಹಂಚುತ್ತೇನೆ: ಐದು ನಿಮಿಷ ಕಾಳು ಆರಿಸೋಕೆ, ಹದಿನೈದು ಬರೆಯೋಕೆ, ಏಳು ಕತ್ತರಿಸೋಕೆ, ಮೂರು ಸರಿ ತಪ್ಪು ನೋಡೋಕೆ. ಫೋನಿನಲ್ಲಿ ನನ್ನ ಬೆರಳಿಗೆ ನಿಮಿಷಕ್ಕೆ ಹನ್ನೆರಡು ಪದ ಬರುತ್ತದೆ. ಹದಿನೈದು ನಿಮಿಷಕ್ಕೆ 180. ನಿಮ್ಮ ಬೆರಳಿನ ಲೆಕ್ಕ ಒಮ್ಮೆ ಹಾಕಿ ನೋಡಿ, ಆಮೇಲೆ ಬರಹದ ಉದ್ದ ಗೊತ್ತು ಮಾಡಿ.

ಈ ಹದಿನೈದು ನಿಮಿಷದಲ್ಲಿ ಹಿಂದಕ್ಕೆ ಹೋಗಬಾರದು. ಕಾಗುಣಿತ ತಪ್ಪಿದರೆ ತಪ್ಪಲಿ. ಒಂದು ಇಸವಿ ನೆನಪಾಗದಿದ್ದರೆ ಅಲ್ಲಿ ‘ನೋಡು’ ಅಂತ ಬರೆದು ಮುಂದೆ ಹೋಗುತ್ತೇನೆ. ಗೂಗಲ್ ತೆಗೆದರೆ ಕಥೆ ಮುಗಿಯಿತು. ಶುರು ಮಾಡೋಕೆ ಸಾಲು ಸಿಗದಿದ್ದರೆ ನಡುವಿನಿಂದ ಶುರು ಮಾಡಿ, ಅಂದರೆ ನೀವು ಕಂಡದ್ದರಿಂದ. ಪೀಠಿಕೆ ಬೇಕೇ ಬೇಕು ಅನಿಸಿದರೆ ಕೊನೆಗೆ ಬರೆಯಬಹುದು. ಆ ಹೊತ್ತಿಗೆ ಹೆಚ್ಚಾಗಿ ಬೇಡವಾಗಿರುತ್ತದೆ.

ಬಾಯಿಂದ ಹೇಳಿ ಬರೆಸೋದೂ ಇದೆ. ಗೂಗಲ್ಲಿನ ಕೀಬೋರ್ಡ್ ಆ್ಯಪ್ ಜಿಬೋರ್ಡಿನಲ್ಲಿ ಕನ್ನಡ ಹಾಕಿ ಮೈಕ್ ಒತ್ತಿದರೆ ಹೇಳಿದ್ದನ್ನು ಟೈಪ್ ಮಾಡುತ್ತದೆ. ಮಾಳಿಗೆ ಮೇಲೆ ಒಬ್ಬನೇ ಇದ್ದಾಗ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ನನ್ನ ಫೋನಿನಲ್ಲಂತೂ ಪೂರ್ಣವಿರಾಮ ತಾನಾಗಿ ಬೀಳೋದಿಲ್ಲ, ನಮ್ಮ ಕಡೆಯ ‘ಹೋಗ್ಯಾನ’, ‘ಬಂದೈತಿ’ ಅದರ ಕಿವಿಗೆ ಹಿಡಿಸೋದೂ ಇಲ್ಲ. ಹಾಗಾಗಿ ವರದಿಯ ಭಾಗ ಬಾಯಿಂದ, ಜನರ ಮಾತು ಬೆರಳಿನಿಂದ. ಬಸ್ಸಿನಲ್ಲಿ ಇದನ್ನು ಮಾಡೋಕೆ ಹೋಗಬೇಡಿ. ಒಮ್ಮೆ ಮಾಡಿದ್ದೆ. ನನ್ನ ಬರಹದ ನಡುವೆ ‘ಮುಂದ ನಡ್ರಿ, ಮುಂದ ನಡ್ರಿ’ ಅಂತ ಕಂಡಕ್ಟರ್ ಬಂದು ಕೂತಿದ್ದರು.

ಆಫೀಸಿನ ಕಂಪ್ಯೂಟರಿನಲ್ಲಿ ಟೈಪ್ ಮಾಡುವವರಿಗೆ ಒಂದು ಮಾತು. ‘ನುಡಿ’ ಅಥವಾ ‘ಬರಹ’ ಅನ್ನೋ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಹೊಡೆದದ್ದನ್ನು ಫೋನಿಗೆ ಹಾಕಿದರೆ ಇಂಗ್ಲಿಷ್ ಅಕ್ಷರದ ಕಸದ ಹಾಗೆ ಕಾಣುತ್ತದೆ. ಮೊದಲೇ ಯೂನಿಕೋಡ್ ಆರಿಸಿಕೊಂಡು ಟೈಪ್ ಮಾಡಿ. ಕೊನೆಯ ಹತ್ತು ನಿಮಿಷ ಕನ್ವರ್ಟರ್ ಹುಡುಕೋದರಲ್ಲೇ ಕಳೆದ ದಿನಗಳು ನನಗಿನ್ನೂ ನೆನಪಿವೆ.

ಒಂದು ಬರಹ, ಮೊದಲಿಂದ ಕೊನೆವರೆಗೆ

ಹೇಳಿದ್ದು ಸಾಕು, ಒಂದನ್ನು ಬಿಚ್ಚಿ ತೋರಿಸುತ್ತೇನೆ.

ಕೊಪ್ಪಳದಲ್ಲಿ ಬಸ್ ಇಳಿದು ಆಫೀಸಿಗೆ ಹೋಗುವ ದಾರಿಯಲ್ಲಿ ಒಂದು ತಳ್ಳುಗಾಡಿ ಇದೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ. ಒಂದು ದಿನ ನನಗೆ ಅವಸರ ಇತ್ತು, ಗಾಡಿಯವನಿಗೆ ಇರಲಿಲ್ಲ. ಬಾಣಲೆಗೆ ಒಂದು ಹನಿ ಹಿಟ್ಟು ಬಿಟ್ಟು ನೋಡುತ್ತಾ ನಿಂತಿದ್ದ. ‘ಏನಣ್ಣಾ, ಹಾಕಬಾರದೇನು?’ ಅಂದೆ.

‘ತಡೀರಿ ಸರ. ಹನಿ ತಳಕ್ಕ ಹೋಗಿ ಕುಂತ್ರ ಎಣ್ಣಿ ಇನ್ನೂ ಕಾದಿಲ್ಲ ಅಂತ. ಜಿಗದು ಮ್ಯಾಲ ಬಂದ್ರ ಹಾಕಬೋದು. ಬಂದ ಕೂಡ್ಲೆ ಕೆಂಪಾತಂದ್ರ ಉರಿ ಸಣ್ಣ ಮಾಡಬೇಕು.’

ಮಿರ್ಚಿ ತಿನ್ನುತ್ತಾ ಎಡಗೈಯಲ್ಲಿ ಬರೆದಿಟ್ಟೆ: ‘ಮಿರ್ಚಿ – ಹನಿ ಹಿಟ್ಟು ಬಿಟ್ಟು ನೋಡ್ತಾನೆ – ಕುಂತ್ರ ಇಲ್ಲ, ಜಿಗದ್ರ ಹೌದು.’ ಸಂಜೆ ವಾಪಸ್ ಬಸ್ಸಿನಲ್ಲಿ ಸೀಟು ಸಿಕ್ಕಿತು. ಅಚ್ಚು ಯಾವುದು? ಪ್ರಶ್ನೆ ಮತ್ತು ಉತ್ತರ. ಎಣ್ಣೆ ಕಾದದ್ದು ಹೇಗೆ ಗೊತ್ತಾಗುತ್ತದೆ?

ಇಷ್ಟೆಲ್ಲ ಗೊತ್ತಿದ್ದರೂ ಮೊದಲು ನನ್ನ ಬೆರಳಿನಿಂದ ಬಂದದ್ದು ಇದು:

‘ಉತ್ತರ ಕರ್ನಾಟಕದ ಆಹಾರ ಸಂಸ್ಕೃತಿಯಲ್ಲಿ ಮಿರ್ಚಿ ಭಜಿಗೆ ವಿಶಿಷ್ಟವಾದ ಸ್ಥಾನವಿದೆ ಎಂಬುದು ಎಲ್ಲರಿಗೂ ತಿಳಿದಿರುವಂತಹ ವಿಷಯ. ಅದರಲ್ಲೂ ಕೊಪ್ಪಳ ಭಾಗದಲ್ಲಿ ಒಗ್ಗರಣೆ ಮಿರ್ಚಿಯು ಬೆಳಗಿನ ಉಪಾಹಾರವಾಗಿ ಜನಪ್ರಿಯತೆಯನ್ನು ಪಡೆದುಕೊಂಡಿದೆ. ನಾನು ಹೋಗುವಂತಹ ಅಂಗಡಿಯೊಂದರಲ್ಲಿ ಇಂದು ಒಂದು ಸ್ವಾರಸ್ಯಕರವಾದ ಸಂಗತಿಯನ್ನು ಗಮನಿಸಿದೆ.’

ಮೂರು ವಾಕ್ಯ ಆದವು, ಹನಿ ಇನ್ನೂ ಎಣ್ಣೆಗೆ ಬಿದ್ದಿಲ್ಲ. ಎಲ್ಲರಿಗೂ ತಿಳಿದಿದ್ದರೆ ನಾನ್ಯಾಕೆ ಹೇಳಬೇಕು? ಸ್ವಾರಸ್ಯಕರ ಅಂತ ನಾನೇ ಅಂದರೆ ಆಗುತ್ತದಾ, ಓದಿದವರಿಗೆ ಅನಿಸಬೇಕು ಅಲ್ವಾ? ಆದರೂ ಅಳಿಸಲಿಲ್ಲ, ಬರೆಯುತ್ತಾ ಹೋದೆ. ಅಳಿಸೋದು ಕತ್ತರಿಯ ಹೊತ್ತಿಗೆ. ಕೊನೆಗೆ ಉಳಿದದ್ದು ಇಷ್ಟು:

‘ಎಣ್ಣೆ ಕಾದಿದೆಯಾ? ಹನಿ ಹಿಟ್ಟು ಹೇಳುತ್ತದೆ

ಮಿರ್ಚಿ ಅಂಗಡಿಯವನು ಬಾಣಲೆಗೆ ಮೆಣಸಿನಕಾಯಿ ಬಿಡೋ ಮೊದಲು ಬೆರಳ ತುದಿಯಿಂದ ಒಂದು ಹನಿ ಹಿಟ್ಟು ಬಿಟ್ಟ. ಅದು ತಳಕ್ಕೆ ಹೋಗಿ ಅಲ್ಲೇ ಕೂತಿತು. ಇನ್ನೂ ಕಾಯಬೇಕು ಅಂದ. ಎರಡನೇ ಹನಿ ಮುಳುಗಿದ್ದೇ ತಡ, ಚುಂಯ್ ಅಂತ ಮೇಲೆದ್ದು ಬಂತು. ಆಗ ಒಂದರ ಹಿಂದೆ ಒಂದು ಆರು ಮಿರ್ಚಿ ಬಿಟ್ಟ.

ಬಿಸಿ ಎಣ್ಣೆಗೆ ಬಿದ್ದ ಕೂಡಲೇ ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ. ಆ ಗುಳ್ಳೆಗಳೇ ಹನಿಯನ್ನು ಮೇಲಕ್ಕೆ ಎತ್ತುತ್ತವೆ. ಎಣ್ಣೆ ಕಾಯದಿದ್ದರೆ ಆವಿ ಏಳೋದಿಲ್ಲ, ಹಿಟ್ಟು ಎಣ್ಣೆ ಕುಡಿಯುತ್ತಾ ಕೂರುತ್ತದೆ. ಹನಿ ಮೇಲೆ ಬಂದ ಕೂಡಲೇ ಕೆಂಪಾದರೆ ಉರಿ ಜಾಸ್ತಿ. ಭಜಿ ಹೊರಗೆ ಸುಟ್ಟು ಒಳಗೆ ಹಸಿ ಉಳಿಯುತ್ತದೆ. ನಾಳೆ ಮನೆಯಲ್ಲಿ ಭಜಿ ಮಾಡಿದರೆ ಮೊದಲು ಒಂದು ಹನಿ ಬಿಟ್ಟು ನೋಡಿ.’

ನೂರು ಪದದ ಒಳಗೇ ಇದೆ, ನಾನು ಹೇಳಿದ ಅಳತೆಗಿಂತಲೂ ಸಣ್ಣದು. ಆವಿಯ ಮಾತು ಮಿರ್ಚಿಯವನು ಹೇಳಿದ್ದಲ್ಲ, ನಾನು ಸೇರಿಸಿದ್ದು. ಕಂಡದ್ದು ಒಂದು, ಅದಕ್ಕೆ ಕಾರಣ ಒಂದು, ಓದಿದವರು ಮಾಡಬಹುದಾದದ್ದು ಒಂದು. ನನ್ನ ಕಿರುಬರಹದಲ್ಲಿ ಹೆಚ್ಚಾಗಿ ಇರೋದು ಈ ಮೂರೇ.

ಕತ್ತರಿ

ಕತ್ತರಿಸೋ ಏಳು ನಿಮಿಷದಲ್ಲಿ ಮೊದಲ ಕೆಲಸ ಮೊದಲ ಪ್ಯಾರಾ ಮುಚ್ಚಿಟ್ಟು ಓದೋದು. ಹೆಬ್ಬೆರಳಿನಿಂದ ಮುಚ್ಚಿದರೂ ಆಗುತ್ತದೆ. ಎರಡನೇ ಪ್ಯಾರಾದಿಂದ ಓದಿದರೂ ಅರ್ಥವಾದರೆ ಮೊದಲನೆಯದನ್ನು ಅಳಿಸಿ. ಹತ್ತರಲ್ಲಿ ಏಳು ಸಲ ಅಳಿಸುತ್ತೇನೆ.

ಆಮೇಲೆ ಭಾಷಣದ ಪದಗಳ ಬೇಟೆ. ನಮ್ಮ ಸಭೆ ಸಮಾರಂಭಗಳಲ್ಲಿ ಮೈಕ್ ಹಿಡಿದವರು ‘ಮಾಡತಕ್ಕಂತಹ’, ‘ಇರುವಂತಹ’, ‘ಬಂದಿರತಕ್ಕಂತಹ’ ಅಂತ ಎಳೆಯುತ್ತಾರಲ್ಲ, ಅವರಿಗೆ ಮುಂದಿನ ಮಾತು ಯೋಚಿಸೋಕೆ ಹೊತ್ತು ಬೇಕು, ಅದಕ್ಕೆ ಎಳೆಯುತ್ತಾರೆ. ಬರೆದು ಕೊಡುವವರಿಗೆ ಆ ತೊಂದರೆ ಇಲ್ಲ. ‘ಹೋಗುವಂತಹ ಅಂಗಡಿ’ ಅಂದರೆ ಹೋಗುವ ಅಂಗಡಿ. ‘ಜನಪ್ರಿಯತೆಯನ್ನು ಪಡೆದುಕೊಂಡಿದೆ’ ಅಂದರೆ ಜನ ಇಷ್ಟಪಡುತ್ತಾರೆ. ‘ಉದ್ಘಾಟನೆಯನ್ನು ಮಾಡಲಾಯಿತು’ ಅಂತ ಬರೆದಿದ್ದರೆ ಯಾರು ಮಾಡಿದರು ಅಂತ ಕೇಳಿಕೊಳ್ಳಿ. ಹೆಸರು ಗೊತ್ತಿದ್ದರೆ ‘ಉದ್ಘಾಟಿಸಿದರು’ ಅಂತ ಬರೆಯಿರಿ. ಗೊತ್ತಿಲ್ಲದಿದ್ದರೆ ಆ ವಾಕ್ಯವೇ ಬೇಕಾ ನೋಡಿ. ‘ಒಂದು ರೀತಿಯಲ್ಲಿ’, ‘ಹೇಳಬೇಕೆಂದರೆ’, ‘ನಿಟ್ಟಿನಲ್ಲಿ’ ಇವು ನನ್ನ ಸ್ವಂತ ಚಟಗಳು. ಹುಡುಕಿ ತೆಗೆಯುತ್ತೇನೆ. ನಿಮ್ಮವು ಬೇರೆ ಇರಬಹುದು. ನಿಮ್ಮ ಹತ್ತು ಬರಹ ಒಟ್ಟಿಗೆ ಓದಿದರೆ ಸಿಕ್ಕಿಬೀಳುತ್ತವೆ.

ಕೊನೆಯ ಸಾಲಿನ ಮೇಲೂ ಒಂದು ಕಣ್ಣಿರಲಿ. ‘ಇಂಥ ಪರಂಪರೆಯನ್ನು ಉಳಿಸಿ ಬೆಳೆಸೋಣ’ ಅಂತ ಬರೆದಿದ್ದೀರಾ? ತೆಗೆಯಿರಿ. ಅದು ಯಾವ ಬರಹಕ್ಕೆ ಅಂಟಿಸಿದರೂ ಅಂಟುತ್ತದೆ, ಹಾಗಾಗಿ ಯಾವುದಕ್ಕೂ ಸೇರಿದ್ದಲ್ಲ.

ಬಾಯಿಬಿಟ್ಟು ಓದೋಕೆ ಆಗೋ ಜಾಗದಲ್ಲಿದ್ದರೆ ಒಮ್ಮೆ ಓದಿ. ಬಸ್ಸಿನಲ್ಲಿ ನಾನು ತುಟಿ ಮಾತ್ರ ಅಲ್ಲಾಡಿಸುತ್ತೇನೆ. ಮಂತ್ರ ಹೇಳುತ್ತಿದ್ದಾನೆ ಅಂದುಕೊಂಡು ಒಬ್ಬ ಅಜ್ಜಿ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಿದ್ದೂ ಉಂಟು.

ಮೂರು ನಿಮಿಷ ಉಳಿಸಿಕೊಳ್ಳಿ

ಅವಸರದಲ್ಲಿ ಬರೆಯುವವರ ಮಾನ ಕಳೆಯೋದು ಅಂಕಿ ಮತ್ತು ಹೆಸರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ತುಹೋಯಿತು. ಮರುದಿನ ಬೆಳಗ್ಗೆ ಫೋನ್ ತುಂಬ ಸುದ್ದಿ, ಸುದ್ದಿಗಿಂತ ಜಾಸ್ತಿ ಗಾಳಿಮಾತು. ಗಂಗಾವತಿ ಭಾಗದ ಭತ್ತ ನಿಂತಿರೋದೇ ಆ ನೀರಿನ ಮೇಲೆ. ಸುಮ್ನೆ ಕೂರೋಕೆ ಆಗಲಿಲ್ಲ, ನಾನೂ ಬರೆದೆ. ಇಪ್ಪತ್ತು ನಿಮಿಷದಲ್ಲಿ ಬರೆದು ಹಾಕಿಬಿಟ್ಟೆ. ಡ್ಯಾಮಿಗೆ ಒಟ್ಟು 32 ಗೇಟು ಅಂತ ಬರೆದಿದ್ದೆ. ಮುನಿರಾಬಾದಿನಲ್ಲಿರೋ ನಮ್ಮ ಮಾವ ಡ್ಯಾಮ್ ನೋಡುತ್ತಲೇ ಬೆಳೆದವರು. ಮಧ್ಯಾಹ್ನ ಫೋನ್ ಮಾಡಿದರು.

‘ಗೇಟು ಮೂವತ್ಮೂರು ಅದಾವು. ಒಂದು ಹೋತು ಅಂತ ಮೂವತ್ತೆರಡು ಬರದಿ ಏನಪಾ?’

ಒಂದು ವಾರದಲ್ಲಿ ಅಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ನನ್ನ ಆ 32 ಮಾತ್ರ ಇವತ್ತಿಗೂ ಮನೆಯ ಮದುವೆ ಮುಂಜಿಯಲ್ಲಿ ಬರುತ್ತಿರುತ್ತದೆ.

ಅವತ್ತಿನಿಂದ ಕೊನೆಯ ಮೂರು ನಿಮಿಷ ‘ನೋಡು’ ಅಂತ ಬರೆದಿಟ್ಟ ಜಾಗಗಳಿಗೆ. ಹುಡುಕಿದ್ದು ಮೂರು ನಿಮಿಷದಲ್ಲಿ ಸಿಗದಿದ್ದರೆ ಆ ಅಂಕಿಯನ್ನೇ ತೆಗೆದು ಬರೆಯುತ್ತೇನೆ. ‘32 ಗೇಟುಗಳಲ್ಲಿ ಒಂದು’ ಅನ್ನೋ ಬದಲು ‘19ನೇ ಗೇಟು’ ಅಂದಿದ್ದರೆ ಸಾಕಿತ್ತು, ಬರಹಕ್ಕೆ ಏನೂ ಕಡಿಮೆ ಆಗುತ್ತಿರಲಿಲ್ಲ. 150 ಪದದ ಬರಹದಲ್ಲಿ ಎರಡಕ್ಕಿಂತ ಹೆಚ್ಚು ಅಂಕಿ ಇದ್ದರೆ ನೋಡೋಕೂ ಹೊತ್ತು ಸಾಲದು, ಓದುವವರಿಗೂ ನೆನಪಿರೋದಿಲ್ಲ. ಫಾರ್ವರ್ಡ್ ಬಂದದ್ದನ್ನು ನೋಡಿ ಬರೆಯೋದನ್ನಂತೂ ಅವತ್ತೇ ಬಿಟ್ಟೆ. ನೀರು, ರೋಗ, ಗಲಾಟೆ ಇಂಥ ವಿಷಯವಾದರೆ ಒಂದು ದಿನ ತಡವಾದರೂ ಚಿಂತೆಯಿಲ್ಲ.

ಶೀರ್ಷಿಕೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪಕ್ಕದ ಸೀಟಿನವರಿಗೆ ಹೇಳಿದ ಆ ಒಂದು ಉಸಿರಿನ ಮಾತನ್ನೇ ಸ್ವಲ್ಪ ಮೊಟಕು ಮಾಡಿದರೆ ಆಯಿತು. ಫೋಟೋ ಇದ್ದರೆ ಒಂದು ಹಾಕಿ, ಇಲ್ಲದಿದ್ದರೆ ಅದನ್ನು ಹುಡುಕುತ್ತಾ ಕೂರಬೇಡಿ. ಜನರ ಮುಖ ಇದ್ದರೆ ಅವರನ್ನು ಕೇಳಿ ಹಾಕಿ.

ಅರ್ಧ ತಾಸೂ ಇಲ್ಲದ ದಿನ

ಮಾರ್ಚ್ ತಿಂಗಳು ನಮ್ಮಂಥ ಲೆಕ್ಕದವರಿಗೆ ಉಸಿರಾಡೋಕೂ ಬಿಡೋದಿಲ್ಲ. ಅಂಥ ದಿನಕ್ಕೆ ಎರಡು ದಾರಿ ಇವೆ.

ಒಂದು, ಕಟಕ ರೊಟ್ಟಿ. ತೆಳ್ಳಗೆ ಬಡಿದು ಗರಿಗರಿ ಒಣಗಿಸಿದ ಜೋಳದ ರೊಟ್ಟಿ ವಾರಗಟ್ಟಲೆ ಇರುತ್ತದಲ್ಲ, ಹಾಗೆ ಕೆಡದ ಬರಹ ಒಂದೆರಡು ಡಬ್ಬಿಯಲ್ಲಿಟ್ಟಿರಬೇಕು. ಹುಣಸೆ ಬೀಜದ ಅಂಟು, ಹನಿ ಹಿಟ್ಟು, ಇಟಗಿಯ ಕಂಬ ಇಂಥವು ಯಾವ ತಿಂಗಳು ಹಾಕಿದರೂ ನಡೆಯುತ್ತವೆ. ಹೊತ್ತು ಸಿಕ್ಕ ದಿನ ಎರಡು ಬರೆದು ಒಂದನ್ನು ತೆಗೆದಿಡಿ. ಡಬ್ಬಿಯಲ್ಲಿ ಮೂರಕ್ಕಿಂತ ಹೆಚ್ಚು ಬೇಡ. ನನ್ನ ಹತ್ತಿರ ಒಮ್ಮೆ ಒಂಬತ್ತು ಇದ್ದವು, ಎರಡು ತಿಂಗಳು ಹೊಸದು ಬರೆಯೋದನ್ನೇ ಬಿಟ್ಟುಬಿಟ್ಟೆ.

ಇನ್ನೊಂದು, ಹತ್ತು ನಿಮಿಷದ ಬರಹ. ಟಿಪ್ಪಣಿಯನ್ನೇ ತೆಗೆದು ಪೂರ್ತಿ ವಾಕ್ಯ ಮಾಡಿ ಹಾಕೋದು. ರೊಟ್ಟಿಯ ಟ್ರ್ಯಾಕ್ಟರಿನ ಟಿಪ್ಪಣಿಯನ್ನು ಹಾಗೇ ನಾಲ್ಕು ಸಾಲು ಮಾಡಿ ಹಾಕಿದ್ದೆ. ಕಾರಣ ಹೇಳಲಿಲ್ಲ, ಏನು ಮಾಡಿ ಅಂತಲೂ ಹೇಳಲಿಲ್ಲ. ಆ ಹುಡುಗನ ಕಾಲು, ಹಾರಲು ನೋಡುತ್ತಿದ್ದ ಪಂಚೆ, ಅಷ್ಟೇ. ನಾನು ಬೆವರು ಸುರಿಸಿ ಬರೆದದ್ದಕ್ಕಿಂತ ಅದನ್ನೇ ಜನ ಹೆಚ್ಚು ಓದಿದರು. ಸ್ವಲ್ಪ ಬೇಜಾರೂ ಆಯಿತು.

ಎರಡೂ ಆಗದ ದಿನ ಬರೆಯಬೇಡಿ. ಟಿಪ್ಪಣಿ ಮಾತ್ರ ಬಿಡಬೇಡಿ. ಒಂದು ವಾರ ಟಿಪ್ಪಣಿ ನಿಂತರೆ ಕಣ್ಣು ಮತ್ತೆ ಮಂಕಾಗುತ್ತದೆ, ಭಾನುವಾರದ ಆ ಲ್ಯಾಪ್‌ಟಾಪಿನ ಮುಂದೆ ವಾಪಸ್ ಹೋಗಿ ಕೂತಿರುತ್ತೀರಿ.

ಹನಿ ಹಿಟ್ಟಿನ ಬರಹ ಹಾಕಿದ ಮೂರನೇ ದಿನ ಅದೇ ತಳ್ಳುಗಾಡಿಗೆ ಹೋಗಿದ್ದೆ. ಯಾರೋ ಅವನಿಗೆ ಫೋನಿನಲ್ಲಿ ತೋರಿಸಿದ್ದರಂತೆ. ಖುಷಿಯಾಗಿದ್ದಾನೆ ಅಂದುಕೊಂಡೆ. ಅವನು ಜಾರ ಎತ್ತಿ ಎಣ್ಣೆ ಸೋರಲು ಬಿಟ್ಟು ನನ್ನ ಕಡೆ ತಿರುಗಿದ.

‘ಎಲ್ಲಾ ಬರದೀರಿ ಸರ, ಸೋಡಾ ಯಾವಾಗ ಹಾಕಬೇಕು ಅನ್ನೋದ ಬಿಟ್ಟೀರಿ. ಹಿಟ್ಟು ಕಲಸಿದ ಕೂಡ್ಲೆ ಹಾಕಬಾರದ್ರಿ.’

ಒಂದು ಕೈಯಲ್ಲಿ ಮಿರ್ಚಿ ಪ್ಲೇಟು ಇತ್ತು. ಇನ್ನೊಂದು ಕೈಯಿಂದ ಫೋನ್ ತೆಗೆದು ‘ಸೋಡಾ – ಕಲಸಿದ ಕೂಡ್ಲೆ ಹಾಕಬಾರದ್ರಿ – ಯಾಕೆ?’ ಅಂತ ಹೊಡೆದೆ. ಒಂಬತ್ತೂವರೆ ಆಗಿತ್ತು, ಆಫೀಸಿಗೆ ಓಡಿದೆ.